ಆಂಟನ್ ಚೆಕಾಫ್

ಆಂಟನ್ ಪಾವ್ಲೊವಿಚ್ ಚೆಕಾಫ್ (ಜನವರಿ 29, 1860 – ಜುಲೈ 15, 1904) ರಷ್ಯಾದ ಪ್ರಸಿದ್ಧ ಸಣ್ಣಕತೆಗಾರ, ನಾಟಕಕಾರ ಹಾಗೂ ವೈದ್ಯ. ತಂದೆಯ ಕ್ರೌರ್ಯದ ನೆರಳಿನಲ್ಲಿ ಕಳೆದ ಬಾಲ್ಯವು ಈತನ ಬದುಕು ಮತ್ತು ಬರವಣಿಗೆಗಳೆರಡರ ಮೇಲೂ ಗಾಢವಾದ ಪ್ರಭಾವ ಬೀರಿತು.

ಬಾಲ್ಯ

ಚೆಕಾಫ್ ಜನಿಸಿದ್ದು ಅಜೋವ್ ಸಮುದ್ರತೀರದ ಟಗನ್ರೋಗ್ ಪಟ್ಟಣದಲ್ಲಿ. ಅಜ್ಜ ಜೀತದಾಳಾಗಿದ್ದು, ಹಣ ತೆತ್ತು ಕುಟುಂಬದ ಬಿಡುಗಡೆ ಪಡೆದವನು. ತಂದೆ ಪಾವೆಲ್ ಯೆಗೊರೊವಿಚ್ ದಿನಸಿ ಅಂಗಡಿಯ ಮಾಲೀಕ, ಅತಿಯಾದ ದೈವಭಕ್ತ. ಹೊಡೆತವಿಲ್ಲದೆ ಮಕ್ಕಳು ತಿದ್ದುವುದಿಲ್ಲವೆಂದು ನಂಬಿದ್ದ ಆತ ಸಣ್ಣ ತಪ್ಪಿಗೂ ಮಕ್ಕಳನ್ನು ಥಳಿಸುತ್ತಿದ್ದ. ಬಾಲಕರು ಶಾಲೆಯ ನಂತರ ಚಳಿಯಲ್ಲಿ ಅಂಗಡಿ ಕಾಯಬೇಕಿತ್ತು. ತಂದೆ ನಡೆಸುತ್ತಿದ್ದ ಚರ್ಚಿನ ಗಾಯನವೃಂದದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಾಡಬೇಕಿತ್ತು. ತಾಯಿ ಯೆವ್ಗೇನಿಯಾ ಮೃದು ಸ್ವಭಾವದವಳು, ಕತೆ ಹೇಳುವುದರಲ್ಲಿ ನಿಪುಣೆ.

1876ರಲ್ಲಿ ಸಾಲದಿಂದ ದಿವಾಳಿಯಾದ ಪಾವೆಲ್, ಸೆರೆವಾಸಕ್ಕೆ ಹೆದರಿ ಮಾಸ್ಕೋಗೆ ಪಲಾಯನ ಮಾಡಿದ. ಹದಿನಾರರ ಆಂಟನ್ ವಿದ್ಯಾಭ್ಯಾಸ ಮುಗಿಸಲು ಊರಿನಲ್ಲೇ ಉಳಿದು, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡ. ತನ್ನ ಅಲ್ಪ ಗಳಿಕೆಯಲ್ಲೂ ಮನೆಗೆ ಹಣ ಕಳುಹಿಸಿದ. 1879ರಲ್ಲಿ ಮಾಸ್ಕೋಗೆ ತೆರಳಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದ ಮೇಲೆ ಹಾಸ್ಯಬರಹಗಳ ಸಂಭಾವನೆಯಿಂದ ಇಡೀ ಕುಟುಂಬವನ್ನು ಸಲಹಿದ.

ಬಾಲ್ಯದ ಕುರಿತ ಚಿಂತನೆ

1889ರ ಜನವರಿಯಲ್ಲಿ ಬರೆದ ಎರಡು ಪತ್ರಗಳು ಈ ದೃಷ್ಟಿಯಿಂದ ಮುಖ್ಯವಾದವು. ಮೊದಲನೆಯದು ಅಣ್ಣ ಅಲೆಕ್ಸಾಂಡರನಿಗೆ ಬರೆದದ್ದು. ಮನೆಯ ಹೆಂಗಸರನ್ನು ಒರಟಾಗಿ ನಡೆಸಿಕೊಳ್ಳುತ್ತಿದ್ದ ಅಣ್ಣನಿಗೆ, ತಂದೆಯ ದಬ್ಬಾಳಿಕೆ ಮತ್ತು ಸುಳ್ಳು ತಮ್ಮ ಬಾಲ್ಯವನ್ನೂ ತಾಯಿಯ ಯೌವನವನ್ನೂ ಹಾಳುಮಾಡಿದ್ದನ್ನು ನೆನಪಿಸಿ, ಅದೇ ದಾರಿ ಹಿಡಿಯಬಾರದೆಂದು ಎಚ್ಚರಿಸಿದ. ಪ್ರಕಾಶಕ ಸುವೊರಿನ್‌ಗೆ ಬರೆದ ಇನ್ನೊಂದು ಪತ್ರದಲ್ಲಿ, ಏಟು ತಿಂದು ಬೆಳೆದ ಜೀತದಾಳಿನ ಮಗನೊಬ್ಬ ತನ್ನೊಳಗಿನ ದಾಸ್ಯವನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಂಡು ಮನುಷ್ಯನಾಗುವ ಕತೆಯನ್ನು ಬರೆಯುವಂತೆ ಸೂಚಿಸಿದ. ಆ ವ್ಯಕ್ತಿಚಿತ್ರ ಚೆಕಾಫನದೇ ಎಂಬುದು ಸಾಮಾನ್ಯ ಅಭಿಪ್ರಾಯ.

ಕೃತಿಗಳಲ್ಲಿ ಪ್ರತಿಫಲನ

ಯಜಮಾನನ ಹೊಡೆತ ತಾಳಲಾರದೆ ಅಜ್ಜನಿಗೆ ಪತ್ರ ಬರೆಯುವ ಒಂಬತ್ತು ವರ್ಷದ ಬಾಲಕನ ಕತೆ ‘ವಾಂಕಾ’ (1886). ‘ಮೂರು ವರ್ಷಗಳು’ (1895) ಕಥನದ ನಾಯಕ ಲಾಪ್ಟೆವ್, ಎಳವೆಯಲ್ಲಿ ತಿಂದ ಏಟುಗಳು ತನ್ನನ್ನು ಜೀವನವಿಡೀ ಅಂಜುಬುರುಕನನ್ನಾಗಿಸಿದವೆಂದು ನಂಬುತ್ತಾನೆ. 1890ರಲ್ಲಿ ಸಖಾಲಿನ್ ದ್ವೀಪದ ಸೆರೆವಸಾಹತಿಗೆ ಹೋದ ಚೆಕಾಫ್ ಅಲ್ಲಿ ಕೈದಿಯೊಬ್ಬನಿಗೆ ಚಾಟಿಯೇಟು ಕೊಡುವುದನ್ನು ಕಣ್ಣಾರೆ ಕಂಡು ತನ್ನ ಗ್ರಂಥದಲ್ಲಿ ದಾಖಲಿಸಿದ.

ತಂದೆಯೊಂದಿಗೆ ಕೊನೆಯ ವರ್ಷಗಳು

ಚೆಕಾಫ್ ಬಾಲ್ಯದ ನೋವನ್ನು ಮರೆಯಲಿಲ್ಲ; ಆದರೆ ತಂದೆಯನ್ನು ಕೈಬಿಡಲೂ ಇಲ್ಲ. 1892ರಲ್ಲಿ ಮಾಸ್ಕೋ ಸಮೀಪದ ಮೆಲಿಖೊವೊದಲ್ಲಿ ಜಮೀನು ಕೊಂಡು ತಂದೆತಾಯಿಯರನ್ನು ಜೊತೆಯಲ್ಲಿರಿಸಿಕೊಂಡ. ಪಾವೆಲ್ ಅಲ್ಲಿ ತೋಟದ ಕೆಲಸ, ಪೂಜೆ ಮತ್ತು ದಿನಚರಿಯ ಬರವಣಿಗೆಯಲ್ಲಿ ಕಾಲ ಕಳೆದು 1898ರಲ್ಲಿ ನಿಧನನಾದ. ಆ ಅವಧಿಯಲ್ಲೇ ಚೆಕಾಫ್ ಸುತ್ತಲಿನ ರೈತರ ಮಕ್ಕಳಿಗಾಗಿ ಮೂರು ಶಾಲೆಗಳ ನಿರ್ಮಾಣಕ್ಕೆ ಶ್ರಮಿಸಿದ. ಕ್ಷಯರೋಗದಿಂದ ಬಳಲುತ್ತಿದ್ದ ಈತ 1904ರಲ್ಲಿ ಜರ್ಮನಿಯ ಬಾಡೆನ್‌ವೈಲರ್‌ನಲ್ಲಿ ಮರಣಹೊಂದಿದ. ಸಮಾಧಿ ಮಾಸ್ಕೋದ ನೊವೊಡೆವಿಚಿ ಸ್ಮಶಾನದಲ್ಲಿದೆ.