ಕ್ಷಣದ ಗತಿಯನ್ನು ಅಳೆದ ಭಾಸ್ಕರಾಚಾರ್ಯರು

ಬೀದರ ನಗರದಲ್ಲಾಗಲಿ, ಭಾಲ್ಕಿ ಮತ್ತು ಔರಾದ ಪಟ್ಟಣಗಳಲ್ಲಾಗಲಿ ಪದವಿಪೂರ್ವ ತರಗತಿಯ ವಿದ್ಯಾರ್ಥಿಯು ಕಲನಶಾಸ್ತ್ರವನ್ನು ಕಲಿಯಲು ತೊಡಗಿದಾಗ ನ್ಯೂಟನ್ ಮತ್ತು ಲೈಬ್ನಿಟ್ಸ್ ಎಂಬ ಎರಡು ಹೆಸರುಗಳನ್ನು ಕೇಳುತ್ತಾನೆ. ಅವರಿಗಿಂತ ಐದು ಶತಮಾನಗಳಷ್ಟು ಹಿಂದೆಯೇ ಆ ಶಾಸ್ತ್ರದ ಬೀಜರೂಪವಾದ ವಿಚಾರವೊಂದನ್ನು ಸ್ಪಷ್ಟವಾಗಿ ಕಂಡಿದ್ದ ಮಹಾಗಣಿತಜ್ಞರೊಬ್ಬರ ಹೆಸರು ಬೀದರದೊಡನೆಯೇ ಹೆಣೆದುಕೊಂಡಿದೆಯೆಂಬುದು ಅನೇಕರಿಗೆ ತಿಳಿಯದು. ಅವರೇ ಎರಡನೆಯ ಭಾಸ್ಕರಾಚಾರ್ಯರು. ಅಕ್ಬರನ ಆಸ್ಥಾನಕವಿಯಾಗಿದ್ದ ಫೈಜಿಯು 1587ರಲ್ಲಿ ಭಾಸ್ಕರರ ಲೀಲಾವತಿಯನ್ನು ಪಾರಸಿ ಭಾಷೆಗೆ ಅನುವಾದಿಸಿದನು. ದಕ್ಷಿಣದೇಶದ ಬೀದರವೇ ಭಾಸ್ಕರರ ಜನ್ಮಸ್ಥಳವೆಂದು ಅವನು ತನ್ನ ಮುನ್ನುಡಿಯಲ್ಲಿ ಬರೆದಿದ್ದಾನೆ.

ಭಾಸ್ಕರರು ಜನಿಸಿದುದು ಶಾಲಿವಾಹನ ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ. ಶಾಂಡಿಲ್ಯ ಗೋತ್ರದ ಮಹೇಶ್ವರರು ಇವರ ತಂದೆ. ವಿದ್ಯೆಯನ್ನು ಕಲಿಸಿದ ಗುರುಗಳೂ ಅವರೇ. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡವು ತಮ್ಮ ಊರೆಂದು ಭಾಸ್ಕರರು ಹೇಳಿಕೊಂಡಿದ್ದಾರೆ. ಆ ಊರು ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವರು ಇಂದಿನ ವಿಜಯಪುರವೆನ್ನುತ್ತಾರೆ. ಕೆಲವರು ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣವೆನ್ನುತ್ತಾರೆ. ಫೈಜಿಯ ಮಾತು ಬೀದರವನ್ನು ತೋರಿಸುತ್ತದೆ. ಊರು ಯಾವುದೇ ಇರಲಿ, ಅವರು ಬಾಳಿದ ಕಾಲವು ಕಲ್ಯಾಣದ ಚಾಳುಕ್ಯರ ಆಳ್ವಿಕೆಯ ಕೊನೆಯ ಭಾಗ. ಆ ಕಲ್ಯಾಣವು ಬೀದರ ಜಿಲ್ಲೆಯಲ್ಲಿಯೇ ಇದೆ. ಬಸವಣ್ಣನವರು ಅಲ್ಲಿ ಹೊಸ ಸಮಾಜವನ್ನು ಕಟ್ಟುತ್ತಿದ್ದ ಶತಮಾನದಲ್ಲಿಯೇ ಭಾಸ್ಕರರು ಆಕಾಶದ ಲೆಕ್ಕವನ್ನು ಶೋಧಿಸುತ್ತಿದ್ದರು.

ಮೂವತ್ತಾರನೆಯ ವಯಸ್ಸಿನಲ್ಲಿ, ಎಂದರೆ 1150ರಲ್ಲಿ, ಅವರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳು ಇದರಲ್ಲಿ ಸೇರಿವೆ. ಸೂತ್ರವನ್ನು ಹೇಳಿ ಸುಮ್ಮನಾಗದೆ, ಅದು ಏಕೆ ಸರಿಯೆಂಬುದನ್ನು ವಿವರಿಸುವ ವಾಸನಾಭಾಷ್ಯವೆಂಬ ವ್ಯಾಖ್ಯಾನವನ್ನೂ ತಾವೇ ಬರೆದರು.

ಲೀಲಾವತಿಯ ಹೆಸರಿನ ಬಗ್ಗೆ ಫೈಜಿಯು ಒಂದು ಕಥೆಯನ್ನು ಹೇಳಿದ್ದಾನೆ. ಲೀಲಾವತಿ ಭಾಸ್ಕರರ ಮಗಳು. ಅವಳ ವಿವಾಹಕ್ಕೆ ತಂದೆಯು ಒಂದು ಶುಭಮುಹೂರ್ತವನ್ನು ಗೊತ್ತುಪಡಿಸಿ, ನೀರಿನಲ್ಲಿ ಗಳಿಗೆಬಟ್ಟಲನ್ನು ತೇಲಿಬಿಟ್ಟಿದ್ದರು. ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಉಡುಪಿನಿಂದ ಮುತ್ತೊಂದು ಜಾರಿ ಬಟ್ಟಲಿನ ರಂಧ್ರವನ್ನು ಮುಚ್ಚಿತು. ನೀರು ಒಳಸೇರಲಿಲ್ಲ, ಮುಹೂರ್ತವು ಮೀರಿಹೋಯಿತು. ನೊಂದ ಮಗಳ ಹೆಸರನ್ನು ಶಾಶ್ವತಗೊಳಿಸಲು ತಂದೆಯು ಗ್ರಂಥಕ್ಕೆ ಆ ಹೆಸರನ್ನಿಟ್ಟರಂತೆ. ಭಾಸ್ಕರರ ಕೃತಿಗಳಲ್ಲಿ ಈ ಕಥೆಗೆ ಆಧಾರವಿಲ್ಲ. ಆದರೆ ಒಂದು ಕ್ಷಣವನ್ನು ನಿಖರವಾಗಿ ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ. ಭಾಸ್ಕರರ ಗಣಿತಕ್ಕೆ ಎದುರಾದುದೂ ಇದೇ ಸಮಸ್ಯೆ.

ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ ಮುಂದೆ ಸರಿದರೆ ಒಂದು ತಿಥಿ ಮುಗಿಯುತ್ತದೆ. ತಿಥಿ ಮುಗಿಯುವ ಹೊತ್ತನ್ನಾಗಲಿ, ಗ್ರಹಣದ ಹೊತ್ತನ್ನಾಗಲಿ ತಿಳಿಯಬೇಕಾದರೆ ಚಂದ್ರನ ಗತಿಯನ್ನು ತಿಳಿದಿರಬೇಕು. ಆದರೆ ಚಂದ್ರನು ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಅವನ ಸರಾಸರಿ ದಿನಗತಿ ಸುಮಾರು ಹದಿಮೂರು ಅಂಶವಾದರೂ, ಅದು ಒಮ್ಮೆ ಹನ್ನೆರಡಕ್ಕೆ ಇಳಿದು ಮತ್ತೊಮ್ಮೆ ಹದಿನೈದರ ಹತ್ತಿರಕ್ಕೆ ಏರುತ್ತದೆ. ಇಂದಿನ ಸ್ಥಾನವನ್ನು ನಾಳಿನ ಸ್ಥಾನದಿಂದ ಕಳೆದರೆ ದೊರೆಯುವುದು ಇಡೀ ದಿನದ ಗತಿ, ಅದು ಸ್ಥೂಲ. ಆ ಕ್ಷಣದಲ್ಲಿರುವ ಗತಿಯೇ ಸೂಕ್ಷ್ಮ. ಇದನ್ನು ಭಾಸ್ಕರರು ತಾತ್ಕಾಲಿಕ ಗತಿಯೆಂದು ಕರೆದರು. ತಿಥಿಯ ಅಂತ್ಯವು ಸಮೀಪದಲ್ಲಿದ್ದಾಗ ಚಂದ್ರನಿಗೆ ಈ ಗತಿಯನ್ನೇ ಬಳಸಬೇಕೆಂದು ವಿಧಿಸಿದರು.

ತಾತ್ಕಾಲಿಕ ಗತಿಯನ್ನು ಕಂಡುಹಿಡಿಯುವುದು ಹೇಗೆ? ಗ್ರಹದ ಸರಾಸರಿ ಸ್ಥಾನಕ್ಕೆ ಮಾಡಬೇಕಾದ ತಿದ್ದುಪಡಿಗೆ ಫಲವೆಂದು ಹೆಸರು. ಆ ಫಲವು ಕೇಂದ್ರವೆಂಬ ಕೋನದ ಜ್ಯಾವನ್ನು ಅವಲಂಬಿಸಿದೆ. ಕೇಂದ್ರವಾದರೋ ಕಾಲದೊಡನೆ ಬದಲಾಗುತ್ತದೆ. ಕೋನವು ಸೊನ್ನೆಯ ಬಳಿ ಇದ್ದಾಗ ಜ್ಯಾ ಬೇಗಬೇಗನೆ ಬೆಳೆಯುತ್ತದೆ. ತೊಂಬತ್ತು ಅಂಶಗಳ ಬಳಿ ಅದರ ಬೆಳವಣಿಗೆ ನಿಂತೇಹೋಗುತ್ತದೆ. ಆಯಾ ಕ್ಷಣದಲ್ಲಿ ಜ್ಯಾದ ಬೆಳವಣಿಗೆಯು ಕೋಟಿಜ್ಯಾಕ್ಕೆ ಅನುಪಾತದಲ್ಲಿರುತ್ತದೆಯೆಂದು ಭಾಸ್ಕರರು ತೋರಿಸಿದರು. ಈ ಬಗೆಯ ಲೆಕ್ಕವನ್ನು ಹತ್ತನೆಯ ಶತಮಾನದ ಮುಂಜಾಲನೂ ಬಳಸಿದ್ದನು. ಅದರ ಕಾರಣವನ್ನು ಬಿಡಿಸಿ ಹೇಳಿದವರು ಭಾಸ್ಕರರು. ಸೈನ್ ಫಲನದ ಅವಕಲನದಿಂದ ಕೊಸೈನ್ ದೊರೆಯುತ್ತದೆಯೆಂದು ನಾವು ಇಂದು ಕಲಿಯುವುದು ಇದನ್ನೇ. ಈ ಬೆಳವಣಿಗೆಯನ್ನು ಕೇಂದ್ರದ ಗತಿಯೊಡನೆ ಗುಣಿಸಿದರೆ ಕಾಲದ ದೃಷ್ಟಿಯಿಂದ ಫಲದ ಗತಿ ಸಿಗುತ್ತದೆ. ಪ್ರಾಚಲ ಫಲನಗಳ ಅವಕಲನದ ಹಿಂದಿರುವ ವಿಚಾರವೂ ಇಂಥದೇ. ಎರಡು ಪರಿಮಾಣಗಳು ಮೂರನೆಯದೊಂದನ್ನು ಅವಲಂಬಿಸಿ ಬದಲಾಗುತ್ತಿದ್ದರೆ, ಆ ಮೂರನೆಯದರ ದೃಷ್ಟಿಯಿಂದ ಎರಡರ ವೇಗಗಳನ್ನೂ ಕಂಡು ಹೋಲಿಸಬೇಕು.

ಕುಜ, ಬುಧ, ಗುರು, ಶುಕ್ರ, ಶನಿಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅವುಗಳಿಗೆ ಶೀಘ್ರಫಲವೆಂಬ ಮತ್ತೊಂದು ತಿದ್ದುಪಡಿ ಬೇಕು. ಅದನ್ನು ಪಡೆಯಲು ಕರ್ಣದಿಂದ ಭಾಗಿಸಬೇಕು. ಆದರೆ ಆ ಕರ್ಣವೂ ಕ್ಷಣಕ್ಷಣಕ್ಕೆ ಬದಲಾಗುತ್ತಿರುತ್ತದೆ. ಇಲ್ಲಿ ಪರಿಮಾಣಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಇಂದಿನ ವಿದ್ಯಾರ್ಥಿಯು ಇಂಥಲ್ಲಿ ಸಮೀಕರಣವನ್ನು ಬಿಡಿಸದೆ, ಅದು ಇದ್ದ ರೂಪದಲ್ಲಿಯೇ ಅವಕಲನ ಮಾಡುತ್ತಾನೆ. ಅವ್ಯಕ್ತ ಫಲನಗಳ ವಿಧಾನವೇ ಅದು. ಭಾಸ್ಕರರು ಕ್ಷೇತ್ರಗಣಿತದ ಆಕೃತಿಯ ನೆರವಿನಿಂದ ಅದೇ ಉತ್ತರವನ್ನು ಪಡೆದರು. ಕೇಂದ್ರದ ಗತಿಯನ್ನು ಫಲದ ಕೋಟಿಜ್ಯಾದಿಂದ ಗುಣಿಸಿ, ಕರ್ಣದಿಂದ ಭಾಗಿಸಿ, ಬಂದುದನ್ನು ಶೀಘ್ರೋಚ್ಚದ ಗತಿಯಿಂದ ಕಳೆದರೆ ಗ್ರಹದ ನಿಜವಾದ ಗತಿ ಸಿಗುತ್ತದೆ. ಕಳೆಯಲಾಗದಷ್ಟು ಅದು ದೊಡ್ಡದಾದರೆ ಗ್ರಹವು ಹಿಂದಕ್ಕೆ ಸರಿಯುತ್ತಿದೆ, ಎಂದರೆ ವಕ್ರಗತಿಯಲ್ಲಿದೆ ಎಂದು ಅರ್ಥ.

ಫಲವು ಪರಮಾವಧಿಯನ್ನು ಮುಟ್ಟಿದಾಗ ಅದರ ಗತಿಯು ಸೊನ್ನೆಯಾಗುತ್ತದೆಯೆಂಬುದನ್ನೂ ಭಾಸ್ಕರರು ಕಂಡರು. ಆಗ ಗ್ರಹದ ನಿಜವಾದ ಗತಿಯೂ ಸರಾಸರಿ ಗತಿಯೂ ಒಂದೇ. ಹಿಂದಿನ ಆಚಾರ್ಯನಾದ ಲಲ್ಲನು ಈ ಬಿಂದುವನ್ನು ಬೇರೆಡೆಯಲ್ಲಿ ಹೇಳಿದ್ದನು. ಗೋಳದ ಮೇಲ್ಮೈಯ ವಿಸ್ತೀರ್ಣದಲ್ಲಿಯೂ ಲಲ್ಲನು ತಪ್ಪಿದ್ದನು. ಪೂರ್ವಾಚಾರ್ಯರ ಮೇಲಿನ ಗೌರವವು ಭಾಸ್ಕರರ ಬಾಯನ್ನು ಕಟ್ಟಲಿಲ್ಲ. ಎರಡು ತಪ್ಪುಗಳನ್ನೂ ಅವರು ಕಾರಣಸಹಿತವಾಗಿ ತಿದ್ದಿದರು. ಪರಂಪರೆಯನ್ನು ಗೌರವಿಸುವುದೆಂದರೆ ಅದರ ದೋಷಗಳನ್ನು ಮರೆಮಾಚುವುದಲ್ಲ ಎಂಬುದಕ್ಕೆ ಇದು ನಿದರ್ಶನ.

ಭಾಸ್ಕರರು ಇಡೀ ಕಲನಶಾಸ್ತ್ರವನ್ನೇ ಸೃಷ್ಟಿಸಿದರೆಂದು ಹೇಳುವುದು ಉಚಿತವಲ್ಲ. ಎಲ್ಲ ಫಲನಗಳಿಗೂ ಅನ್ವಯಿಸುವ ಸಾಮಾನ್ಯ ನಿಯಮಗಳನ್ನು ಅವರು ಕೊಡಲಿಲ್ಲ. ಆ ಕಾರ್ಯವು ಹದಿನೇಳನೆಯ ಶತಮಾನದಲ್ಲಿ ಯೂರೋಪಿನಲ್ಲಿ ನಡೆಯಿತು. ಅದಕ್ಕೂ ಮುನ್ನ ಕೇರಳದ ಮಾಧವನೂ ಅವನ ಶಿಷ್ಯಪರಂಪರೆಯೂ ಅನಂತ ಶ್ರೇಣಿಗಳ ದಾರಿಯಲ್ಲಿ ಬಹುದೂರ ಸಾಗಿದ್ದರು. ಆದರೂ ಚಲಿಸುವ ವಸ್ತುವಿಗೆ ಒಂದು ಕ್ಷಣದಲ್ಲಿಯೂ ಗತಿಯಿದೆ, ಅದನ್ನು ಲೆಕ್ಕದಿಂದ ಹಿಡಿಯಬಹುದು ಎಂಬ ವಿಚಾರವನ್ನು ಇಷ್ಟು ನಿಚ್ಚಳವಾಗಿ ನಿರೂಪಿಸಿದ ಕೀರ್ತಿ ಭಾಸ್ಕರರಿಗೆ ಸಲ್ಲುತ್ತದೆ.

ವೃದ್ಧಾಪ್ಯದಲ್ಲಿಯೂ ಅವರ ಲೇಖನಿಗೆ ದಣಿವಿರಲಿಲ್ಲ. ಕರಣಕುತೂಹಲವೆಂಬ ಕೃತಿಯ ಲೆಕ್ಕಗಳು 1183ರಿಂದ ಆರಂಭವಾಗುತ್ತವೆ. ಆಗ ಅವರಿಗೆ ಅರವತ್ತೊಂಬತ್ತು ವರ್ಷ. ಮಗನಾದ ಲಕ್ಷ್ಮೀಧರನು ಯಾದವ ದೊರೆ ಜೈತ್ರಪಾಲನ ಆಸ್ಥಾನದಲ್ಲಿ ಪಂಡಿತನಾದನು. ಮೊಮ್ಮಗ ಚಾಂಗದೇವನು ಸಿಂಘಣನ ಆಸ್ಥಾನದಲ್ಲಿ ಜ್ಯೋತಿಷಿಯಾದನು. ತಾತನ ಗ್ರಂಥಗಳ ಅಧ್ಯಯನಕ್ಕಾಗಿ ಚಾಂಗದೇವನು ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದನು. ಅದಕ್ಕೆ ದೊರೆತ ದತ್ತಿಯನ್ನು 1207ರ ಶಿಲಾಶಾಸನವೊಂದು ಸಾರುತ್ತದೆ. 1979ರಲ್ಲಿಯೂ 1981ರಲ್ಲಿಯೂ ಕಕ್ಷೆ ಸೇರಿದ ಭಾರತದ ಎರಡು ಉಪಗ್ರಹಗಳಿಗೆ ಭಾಸ್ಕರ ಎಂಬ ಹೆಸರನ್ನೇ ಇಡಲಾಯಿತು.

ಮುತ್ತು ಮುಚ್ಚಿದ ಗಳಿಗೆಬಟ್ಟಲಿನ ಕಥೆ ನಿಜವೋ ಕಲ್ಪನೆಯೋ, ಕ್ಷಣವು ಯಾರಿಗೂ ಕಾಯುವುದಿಲ್ಲ. ಕ್ಷಣವನ್ನು ನಿಲ್ಲಿಸುವ ಶಕ್ತಿ ಮನುಷ್ಯನಿಗೆ ಇಲ್ಲ. ಆದರೆ ಅದರ ಗತಿಯನ್ನು ಅರಿಯುವ ಬುದ್ಧಿ ಅವನಿಗಿದೆ. ಭಾಸ್ಕರಾಚಾರ್ಯರ ಬಾಳು ಸಾರುವ ಪಾಠವಿದು.