ಹಲುವಾಗಲಿನ ಮಗ, ಮುಂಡಗೋಡಿನ ನೆರೆಯವರು

ಚಳಿಗಾಲ ಬಂತೆಂದರೆ ನಮ್ಮ ನಾಡಿನ ಪಟ್ಟಣಗಳ ರಸ್ತೆಬದಿಯಲ್ಲಿ ಸ್ವೆಟರುಗಳನ್ನು ಹರಡಿಕೊಂಡು ಕುಳಿತಿರುವ ಟಿಬೆಟಿನ ಸ್ತ್ರೀಪುರುಷರನ್ನು ನಾವೆಲ್ಲರೂ ಕಂಡಿದ್ದೇವೆ. ಚೌಕಾಸಿ ಮಾಡಿ ಮಕ್ಕಳಿಗೆ ಉಣ್ಣೆಯ ಅಂಗಿ ಕೊಂಡಿದ್ದೇವೆ. ಆದರೆ ಹಿಮಾಲಯದ ಆಚೆಯ ಈ ಜನರು ಕನ್ನಡ ನಾಡಿನ ನೆರೆಯವರಾದುದರ ಹಿಂದೆ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ ಹುಟ್ಟಿದ ಒಬ್ಬ ಹಿರಿಯರ ಹೆಸರಿದೆಯೆಂಬುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿಗೆ ನೆನಪಿದೆಯೋ! ಅವರೇ ಎಸ್. ನಿಜಲಿಂಗಪ್ಪನವರು.

1902ರ ಡಿಸೆಂಬರ್ 10ರಂದು ಅವರು ಜನಿಸಿದಾಗ ಈ ಸೀಮೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ಊರಿಂದೂರಿಗೆ ಹೋಗಿ ಓದಬೇಕಾಯಿತು. ದಾವಣಗೆರೆ, ಚಿತ್ರದುರ್ಗ, ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಅಲ್ಲಿಂದ ಪುಣೆಯಲ್ಲಿ ಕಾನೂನು. 1926ರಲ್ಲಿ ಆ ಪದವಿ ಪಡೆದು ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ಹಿಡಿದರು. 1939ರ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ವಿಶಾಲ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಯಾದರು. ಇವೆಲ್ಲವೂ ಶಾಲೆಯ ಪಾಠಗಳಲ್ಲಿ ಬಂದಿರುವ ಸಂಗತಿಗಳೇ; ನಾವು ಇಲ್ಲಿ ನಿಲ್ಲಬೇಕಾದ್ದು ಬೇರೊಂದು ಕಡೆ.

ಅದೇ ಕಾಲದಲ್ಲಿ ಬುದ್ಧ ಜಯಂತಿಯ ಆಚರಣೆಗೆಂದು ಭಾರತಕ್ಕೆ ಬಂದಿದ್ದ ತರುಣ ದಲೈ ಲಾಮಾ ಅವರಿಗೂ ನಿಜಲಿಂಗಪ್ಪನವರಿಗೂ ಪರಿಚಯವಾಯಿತು. ಅಂದು ಅತಿಥಿಯಾಗಿ ಬಂದವರು 1959ರ ಮಾರ್ಚ್ ಕೊನೆಯಲ್ಲಿ ನಿರಾಶ್ರಿತರಾಗಿ ಗಡಿ ದಾಟಿದರು. ಅವರ ಹಿಂದೆ ಸಾವಿರ ಸಾವಿರ ಕುಟುಂಬಗಳು ಹೊರಟು ಬಂದವು. ಹಿಮದ ನಾಡಿನ ಆ ಜನರು ಮೊದಮೊದಲು ಗುಡ್ಡಗಾಡಿನ ರಸ್ತೆ ಕೆಲಸದಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದರು; ಬಿಸಿಲು ತಾಳದೆ, ರೋಗರುಜಿನಗಳಿಗೆ ತುತ್ತಾಗಿ ಅನೇಕರು ಸತ್ತರು. ಅವರಿಗೆ ನೆಲ ಕೊಡುವಿರಾ ಎಂದು ಪ್ರಧಾನಿ ನೆಹರೂ ಅವರು ರಾಜ್ಯ ಸರ್ಕಾರಗಳನ್ನು ಕೇಳಿದಾಗ ಉದಾರವಾಗಿ ಮುಂದೆ ಬಂದುದು ಮೈಸೂರು ರಾಜ್ಯ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಈ ಎಲ್ಲ ಕೀರ್ತಿಯನ್ನೂ ನಿಜಲಿಂಗಪ್ಪನವರಿಗೇ ಸಲ್ಲಿಸುವುದು ವಾಡಿಕೆಯಾಗಿದೆ. ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯಲ್ಲಿ ಮೊದಲ ವಸತಿ ಆರಂಭವಾದ 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿಯವರು. ಅವರ ಪಾಲನ್ನು ಮರೆಯಲಾಗದು. ಆದರೆ ಟಿಬೆಟಿನ ಜನರು ಇಂದಿಗೂ ಮೊದಲು ನೆನೆಯುವುದು ನಿಜಲಿಂಗಪ್ಪನವರನ್ನು. 1962ರ ಜೂನ್‌ನಿಂದ 1968ರ ಮೇವರೆಗಿನ ಅವರ ಎರಡನೆಯ ಅವಧಿಯಲ್ಲಿ, 1966ರಲ್ಲಿ, ಉತ್ತರ ಕನ್ನಡದ ಮುಂಡಗೋಡಿನಲ್ಲಿ ಸುಮಾರು 4000 ಎಕರೆಯ ವಸತಿ ತಲೆಯೆತ್ತಿತು. ಮುಂದೆ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಯೂ ವಸತಿಗಳಾದವು. ಹೊರನಾಡಿನ ಟಿಬೆಟಿಯನ್ನರ ದೊಡ್ಡ ವಸತಿಗಳು ಇರುವುದು ನಮ್ಮ ಕರ್ನಾಟಕದಲ್ಲಿಯೇ.

ಕೊಟ್ಟ ನೆಲ ಸಿದ್ಧ ಹೊಲವಾಗಿರಲಿಲ್ಲ. ಕಾಡು ಕಡಿಯಬೇಕು, ಬೇರು ಕೀಳಬೇಕು, ಬೆಳೆದ ಮುಸುಕಿನ ಜೋಳವನ್ನು ಆನೆಗಳಿಂದ ಕಾಯಬೇಕು. ಭಾಷೆ ತಿಳಿಯದು, ಊಟ ಬೇರೆ, ದೇವರು ಬೇರೆ. ಸುತ್ತಲಿನ ಹಳ್ಳಿಗಳಲ್ಲಿ ಭೂಮಿಯಿಲ್ಲದ ನಮ್ಮವರೂ ಇದ್ದರಲ್ಲವೇ, ಅನ್ಯರಿಗೇಕೆ ಎಂಬ ಪ್ರಶ್ನೆ ಸುಳ್ಳಲ್ಲ. ಅದನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದೂ ಸರಿಯಲ್ಲ. ರಾಜಕಾರಣಿಯೊಬ್ಬರಿಗೆ ಇದು ಲಾಭದ ವ್ಯವಹಾರವಂತೂ ಆಗಿರಲಿಲ್ಲ. ನಿರಾಶ್ರಿತರಿಗೆ ಮತವಿಲ್ಲ. ಮತದ ಬೆಲೆಯೇನೆಂದು ನಿಜಲಿಂಗಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು: 1962ರ ಚುನಾವಣೆಯಲ್ಲಿ ಅವರು ಹೊಸದುರ್ಗದಲ್ಲಿ ಸೋತರು, ಮೂರು ತಿಂಗಳ ಕಾಲ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾಗಿದ್ದರು, ಕಡೆಗೆ ಬಾಗಲಕೋಟೆಯ ಜನ ಇವರನ್ನು ಆರಿಸಿ ಕಳುಹಿಸಿದರು. ತವರು ಸೀಮೆ ಕೈಬಿಟ್ಟಾಗ ಪರಸೀಮೆ ಕೈಹಿಡಿದ ಅನುಭವ ಅವರಿಗೂ ಇತ್ತೆನ್ನಬಹುದು.

ನಮ್ಮ ತಾಲ್ಲೂಕುಗಳಿಗೆ ಈ ನೋವು ಹೊಸತೇನಲ್ಲ. ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 90 ಗ್ರಾಮಗಳು ನೀರಿನ ಪಾಲಾದವು. ನಾರಾಯಣದೇವರಕೆರೆಯವರು ಮನೆಮಠ ಬಿಟ್ಟು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಒಲೆ ಹೂಡಿದರು. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಬಡವರು ಗುಳೆ ಹೊರಟು ಕಾಫಿ ತೋಟಗಳಲ್ಲೋ ಬೆಂಗಳೂರಿನ ಕಟ್ಟಡಗಳ ಬುಡದಲ್ಲೋ ಪರರ ನಾಡಿನವರಂತೆ ಬದುಕುತ್ತಾರೆ. ಹೆರೋದನ ಕತ್ತಿಗೆ ಹೆದರಿ ರಾತ್ರೋರಾತ್ರಿ ಈಜಿಪ್ಟಿಗೆ ಓಡಿದ ಪವಿತ್ರ ಕುಟುಂಬದ ಕಥೆಯನ್ನು ಪ್ರತಿ ಕ್ರಿಸ್ತಜಯಂತಿಯ ಕಾಲದಲ್ಲಿ ನಾವು ಆಲಿಸುತ್ತೇವೆ. ಅಲ್ಲಿ ಜೋಸೆಫರಿಗೆ ತಂಗಲು ಮನೆ ಕೊಟ್ಟವರಾರು, ಮರಿಯಮ್ಮನವರಿಗೆ ಬಾವಿಯ ದಾರಿ ತೋರಿದ ನೆರೆಮನೆಯಾಕೆ ಯಾರು ಎಂಬುದನ್ನು ಸಂತ ಮತ್ತಾಯರು ಬರೆದಿಲ್ಲ. ಮುಂಡಗೋಡಿನ ವಿಷಯದಲ್ಲಿ ಹೆಸರು ನಮಗೆ ತಿಳಿದಿದೆ, ಅಷ್ಟೇ.

ನಿಜಲಿಂಗಪ್ಪನವರು 1968ರಲ್ಲಿ ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾದುದು, ಮರುವರ್ಷ ಪಕ್ಷ ಒಡೆದುದು, ಆ ಬಳಿಕ ಅವರು ಅಧಿಕಾರ ರಾಜಕಾರಣದಿಂದ ದೂರ ಸರಿದುದು ಇನ್ನೊಂದು ಕಥೆ. ಚಿತ್ರದುರ್ಗದಲ್ಲಿ ದೀರ್ಘಕಾಲ ಬಾಳಿ, 2000ದ ಆಗಸ್ಟ್ 8ರಂದು, 97ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಚಿತ್ರದುರ್ಗದ ಬಳಿಯ ಸೀಬಾರದಲ್ಲಿರುವ ಅವರ ಸ್ಮಾರಕವನ್ನು 2011ರಲ್ಲಿ ಉದ್ಘಾಟಿಸಲು ಬಂದವರು ದಲೈ ಲಾಮಾ ಅವರೇ.

ದಲೈ ಲಾಮಾ ಅವರಿಗೆ 1989ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪ್ರದಾನವಾದದ್ದು ಡಿಸೆಂಬರ್ 10ರಂದು. ಆ ದಿನವನ್ನು ಟಿಬೆಟಿನ ಜನರು ಹಬ್ಬವಾಗಿ ಆಚರಿಸುತ್ತಾರೆ. ಹಲುವಾಗಲಿನಲ್ಲಿ ನಿಜಲಿಂಗಪ್ಪನವರು ಹುಟ್ಟಿದ್ದೂ ಅದೇ ದಿನ.