ಮಹಾವೀರಾಚಾರ್ಯ: ಪರಮಾಣುವಿನಿಂದ ಅಂಗುಲದವರೆಗೆ

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ‘ಕವಿರಾಜಮಾರ್ಗ’ ರೂಪುಗೊಂಡುದೂ ಇದೇ ರಾಜಾಶ್ರಯದಲ್ಲಿ. ಗಣಿತವನ್ನು ಜ್ಯೋತಿಷದಿಂದ ಬೇರ್ಪಡಿಸಿ ಸ್ವತಂತ್ರ ಶಾಸ್ತ್ರವಾಗಿ ನಿರೂಪಿಸಿದುದು ಆತನ ವೈಶಿಷ್ಟ್ಯ.

ಉದ್ದದ ಮಾನಗಳನ್ನು ಹೇಳುವಾಗ ಆತನು ನೀರು, ಬೆಂಕಿಗಳಿಂದ ನಾಶವಾಗದ ಪುದ್ಗಲವನ್ನು ಪರಮಾಣುವೆಂದು ಕರೆಯುತ್ತಾನೆ. ಅನಂತ ಪರಮಾಣುಗಳು ಸೇರಿ ಒಂದು ಅಣು. ಅದರಿಂದ ಮುಂದಕ್ಕೆ ಎಂಟೆಂಟು ಪಟ್ಟು ಹೆಚ್ಚುತ್ತ ತ್ರಸರೇಣು, ರಥರೇಣುಗಳ ಮೂಲಕ ಯವ, ಅಂಗುಲಗಳು ಸಿದ್ಧಿಸುತ್ತವೆ. ಪರಮಾಣು ದರ್ಶನದ ವಸ್ತುವಾಗಿಯೇ ಉಳಿದು, ಎಣಿಕೆಯು ಅಣುವಿನಿಂದ ಆರಂಭವಾಗುತ್ತದೆ. ಆದ್ದರಿಂದ ಇದನ್ನು 1808ರಲ್ಲಿ ಡಾಲ್ಟನ್ ರಾಸಾಯನಿಕ ತೂಕಗಳ ಆಧಾರದಿಂದ ಪ್ರತಿಪಾದಿಸಿದ ಪರಮಾಣುವಿನೊಡನೆ ಸಮೀಕರಿಸಲಾಗದು. ಕಾಣದ ಅಣುವಿಗೂ ಕಾಣುವ ಅಂಗುಲಕ್ಕೂ ಲೆಕ್ಕದ ಸಂಬಂಧ ಕಲ್ಪಿಸಿದುದರಲ್ಲಿಯೇ ಆತನ ಮಹತ್ವವಿದೆ.